ಐರ್ಲೆಂಡಿನ ಪಬ್‌ಗಳಿಗೆ ಬಿದ್ದ ಕೋವಿಡ್ ಬೀಗ: ಪದೇ ಪದೇ ಕೇಳುವ ಪ್ರಶ್ನೆಗಳು

ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ನೆಲೆಸಿರುವ ನನಗೆ ಊರಿನ ಬಂಧುಗಳು, ಇಲ್ಲಿಗೆ ಹೊಸದಾಗಿ ಕೆಲಸಕ್ಕೆ ಬರುವ ಕನ್ನಡಿಗರು ಇಂದಿಗೂ ಕೇಳುವ ಪ್ರಶ್ನೆಗಳಿವು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. 2020ರ ಮಾರ್ಚ್‌ನಲ್ಲಿ ಪಬ್‌ಗಳನ್ನು ಮುಚ್ಚಿದ್ದು ಸರಿ. ಆಮೇಲೆ ಯಾವ ಪಬ್ಬಿನ ಬೀಗ ತೆಗೆಯಬೇಕು, ಯಾವುದರದ್ದು ತೆಗೆಯಬಾರದು ಎಂದು ತೀರ್ಮಾನಿಸಿದ ರೀತಿ ಅನ್ಯಾಯದ್ದು. ಈ ಎರಡು ಮಾತನ್ನೂ ಒಟ್ಟಿಗೆ ಹೇಳಿದವರ ಮೇಲೆ ಆಗ ಎರಡೂ ಕಡೆಯವರು ಸಿಟ್ಟಾಗುತ್ತಿದ್ದರು.

ಒಟ್ಟಾರೆ ಏನು ನಡೆಯಿತು? ದಿನಾಂಕಗಳನ್ನು ಒಮ್ಮೆ ಹೇಳಿ.

2020ರ ಫೆಬ್ರವರಿ 29ರಂದು ಐರ್ಲೆಂಡ್ ಗಣರಾಜ್ಯದಲ್ಲಿ ಮೊದಲ ಕೋವಿಡ್ ಪ್ರಕರಣ ವರದಿಯಾಯಿತು. ಮಾರ್ಚ್ 12ರಂದು ಶಾಲೆ, ಕಾಲೇಜುಗಳನ್ನು ಮುಚ್ಚಿದರು. ಪಬ್‌ಗಳು ತೆರೆದೇ ಇದ್ದವು. 15ರ ಭಾನುವಾರ, ಐರ್ಲೆಂಡಿನ ರಾಷ್ಟ್ರೀಯ ಹಬ್ಬವಾದ ಸಂತ ಪ್ಯಾಟ್ರಿಕ್ ಹಬ್ಬಕ್ಕೆ ಇನ್ನೆರಡು ದಿನವಿರುವಾಗ, ಅಂದು ಸಂಜೆಯಿಂದಲೇ ಎಲ್ಲ ಪಬ್‌ಗಳೂ ಬಾಗಿಲು ಹಾಕಬೇಕೆಂದು ಸರ್ಕಾರ ಕೇಳಿಕೊಂಡಿತು. ಕನಿಷ್ಠ ಮಾರ್ಚ್ 29ರವರೆಗೆ ಎಂದು ಆಗ ಹೇಳಿದ್ದರು.

ಜೂನ್ 29ರಂದು ಊಟ ಬಡಿಸುವ ಪಬ್‌ಗಳು ತೆರೆದವು. ಬರೀ ಪಾನೀಯ ಮಾರುವ ಪಬ್‌ಗಳಿಗೆ ಜುಲೈ 20 ಎಂದರು, ಆಗಸ್ಟ್ 10 ಎಂದರು, ಆಗಸ್ಟ್ 31 ಎಂದರು, ಅದನ್ನೂ ಮುಂದೂಡಿದರು. ಕೊನೆಗೆ ಸೆಪ್ಟೆಂಬರ್ 21ರಂದು ಡಬ್ಲಿನ್ ಬಿಟ್ಟು ಉಳಿದೆಡೆ ಅನುಮತಿ ಸಿಕ್ಕಿತು. ಅಕ್ಟೋಬರ್ ಮೊದಲ ವಾರದಲ್ಲೇ ಒಳಗೆ ಕೂರುವುದು ಮತ್ತೆ ನಿಂತಿತು, ಅದೇ ತಿಂಗಳ ಮೂರನೆಯ ವಾರದಲ್ಲಿ ಇಡೀ ದೇಶಕ್ಕೆ ಕಟ್ಟುನಿಟ್ಟಿನ ಲಾಕ್‌ಡೌನ್ ಬಂತು. ಡಿಸೆಂಬರ್ 4ರಂದು ಊಟದ ಪಬ್‌ಗಳು ತೆರೆದು, ಕ್ರಿಸ್‌ಮಸ್ ಹಿಂದಿನ ದಿನ ಮುಚ್ಚಿದವು. 2021ರ ಜೂನ್ 7ರಿಂದ ಹೊರಾಂಗಣದಲ್ಲಿ, ಜುಲೈ 26ರಿಂದ ಒಳಾಂಗಣದಲ್ಲಿ ಕೂರಲು ಬಿಟ್ಟರು. ಓಮಿಕ್ರಾನ್ ಬಂದಾಗ, ಡಿಸೆಂಬರ್ 20ರಿಂದ, ರಾತ್ರಿ 8ಕ್ಕೇ ಮುಚ್ಚಬೇಕಾಯಿತು. 2022ರ ಜನವರಿ 22ರಂದು ಬಹುತೇಕ ನಿರ್ಬಂಧಗಳು ತೆರವಾದವು. ಡಬ್ಲಿನ್ನಿನ ಊಟವಿಲ್ಲದ ಪಬ್ಬೊಂದರ ಒಳಗೆ ಗಿರಾಕಿ ಕೂರದೆ 16 ತಿಂಗಳು ಕಳೆದವು.

ಪಬ್ ಮುಚ್ಚಿದ್ದಕ್ಕೆ ಇಷ್ಟೊಂದು ಜಗಳವೇ? ಇದು ಕುಡಿತದ ಚಟವಲ್ಲದೆ ಮತ್ತೇನು?

ಈ ಪ್ರಶ್ನೆಯನ್ನು ನಮ್ಮವರು ಸ್ವಲ್ಪ ತಾತ್ಸಾರದಿಂದಲೇ ಕೇಳುತ್ತಾರೆ. ನಮ್ಮ ಕಡೆ ಬಾರ್ ಎಂದರೆ ಮಂದ ಬೆಳಕು, ಮುಖ ಮರೆಸಿಕೊಂಡು ಹೋಗುವ ಜಾಗ, ಹೆಂಗಸರು ಕಾಲಿಡದ ಜಾಗ ಎಂಬ ಚಿತ್ರ ಮನಸ್ಸಿನಲ್ಲಿದೆ. ಐರ್ಲೆಂಡಿನ ಹಳ್ಳಿಯ ಪಬ್‌ಗೆ ಆ ಚಿತ್ರ ಹೊಂದುವುದಿಲ್ಲ. ಅದಕ್ಕೆ ಹೆಚ್ಚು ಹತ್ತಿರವಾದದ್ದು ನಮ್ಮ ಅರಳಿಕಟ್ಟೆ. ವರ್ಷದ ಬಹುಪಾಲು ಮಳೆ ಸುರಿಯುವ ನಾಡಿನಲ್ಲಿ ಕಟ್ಟೆಗೆ ಸೂರು ಬೇಕು, ಒಲೆ ಬೇಕು.

ನಾನು ನೋಡಿರುವ ಹಳ್ಳಿಯ ಪಬ್ಬೊಂದರಲ್ಲಿ ಬಾಗಿಲು ದಾಟಿದ ಕೂಡಲೇ ಎಡಗಡೆ ಕಿರಾಣಿ ಗಲ್ಲೆ: ಚಹಾಪುಡಿ, ಬೆಂಕಿಪೆಟ್ಟಿಗೆ, ರಬ್ಬರ್ ಬೂಟು, ಕುರಿಗಳಿಗೆ ಹಚ್ಚುವ ಬಣ್ಣ. ಅದರ ಹಿಂದೆ ಬಿಯರ್ ಗಲ್ಲೆ. ಪಕ್ಕದ ಬಾಗಿಲಿನಲ್ಲಿ ಅದೇ ಕುಟುಂಬ ಶವಸಂಸ್ಕಾರದ ವ್ಯವಸ್ಥೆಯ ವ್ಯಾಪಾರವನ್ನೂ ನಡೆಸುತ್ತದೆ. ಹೀಗೆ ಕಿರಾಣಿ, ಪಬ್, ಶವಪೆಟ್ಟಿಗೆ ಮೂರೂ ಒಂದೇ ಮನೆಯವರ ಕೈಯಲ್ಲಿರುವುದು ಇಲ್ಲಿ ಅಪರೂಪವಲ್ಲ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಚರ್ಚಿನಿಂದ ಸ್ಮಶಾನಕ್ಕೆ, ಅಲ್ಲಿಂದ ಪಬ್‌ಗೆ. ಸತ್ತವರ ಕಥೆಗಳು ಹೊರಬರುವುದು ಅಲ್ಲಿಯೇ. ದನದ ಸಂತೆಯಲ್ಲಿ ಯಾವ ಬೆಲೆ ನಡೆಯಿತು, ಕೌಂಟಿ (ಜಿಲ್ಲೆ) ತಂಡ ಹರ್ಲಿಂಗ್ ಎಂಬ ಇಲ್ಲಿನ ಕೋಲು-ಚೆಂಡಿನ ಆಟದಲ್ಲಿ ಏಕೆ ಸೋತಿತು, ಯಾರ ಮಗಳು ಆಸ್ಟ್ರೇಲಿಯಾಕ್ಕೆ ಹೊರಟಳು, ಎಲ್ಲವೂ ಅಲ್ಲಿ ಗೊತ್ತಾಗುತ್ತದೆ. ನಾಲ್ವರು ಒಟ್ಟಿಗೆ ಬಂದರೆ ಒಬ್ಬೊಬ್ಬರು ಸರದಿಯಂತೆ ಎಲ್ಲರಿಗೂ ಕೊಡಿಸಬೇಕೆಂಬ ರೂಢಿಯಿದೆ. ತನ್ನ ಸರದಿ ತಪ್ಪಿಸಿಕೊಂಡವನನ್ನು ಊರು ಬಹಳ ಕಾಲ ನೆನಪಿಟ್ಟುಕೊಳ್ಳುತ್ತದೆ.

ಹಾಗೆಂದು ಕುಡಿತವನ್ನು ನಾನು ಹೊಗಳುತ್ತಿಲ್ಲ. ಈ ದೇಶದಲ್ಲಿ ಮದ್ಯ ಹಾಳುಮಾಡಿದ ಮನೆಗಳಿಗೆ ಲೆಕ್ಕವಿಲ್ಲ. ಅದು ಇಲ್ಲಿಯವರಿಗೆ ಯಾರೋ ಹೊರಗಿನವರು ಬಂದು ಹೇಳಬೇಕಾದ ವಿಷಯವೂ ಅಲ್ಲ. 1838ರಲ್ಲಿ ಕಾರ್ಕ್ ನಗರದಲ್ಲಿ ಪಾದ್ರಿ ಥಿಯೊಬಾಲ್ಡ್ ಮ್ಯಾಥ್ಯೂ ಆರಂಭಿಸಿದ ಪಾನನಿರೋಧ ಚಳವಳಿಯಲ್ಲಿ ಲಕ್ಷಾಂತರ ಜನ ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದರು. ಕೋಟಿನ ಮೇಲೆ ಪಯನಿಯರ್ ಸಂಘದ ಪಿನ್ ಧರಿಸಿ, ಜೀವಮಾನವಿಡೀ ಒಂದು ಹನಿ ಮುಟ್ಟದ ಹಿರಿಯರು ಇಂದಿಗೂ ಸಿಗುತ್ತಾರೆ. ಅವರಲ್ಲಿ ಅನೇಕರು ಪಬ್‌ಗೂ ಬರುತ್ತಾರೆ, ನಿಂಬೆ ಪಾನಕ ಹಿಡಿದು ಕೂರುತ್ತಾರೆ. ಬೀಗ ಬಿದ್ದಾಗ ಅವರಿಗೂ ಹೋಗಲು ಜಾಗವಿರಲಿಲ್ಲ.

ಪಬ್ ಮುಚ್ಚಿಸಲು ಒತ್ತಾಯಿಸಿದವರು ಯಾರು? ವೈದ್ಯರೇ, ಸರ್ಕಾರವೇ?

ಮೊದಲ ಸಲ ಒತ್ತಾಯಿಸಿದ್ದು ಜನ. ಈ ಮಾತು ಮರೆತುಹೋಗಿದೆ, ಆದ್ದರಿಂದ ಒತ್ತಿ ಹೇಳುತ್ತೇನೆ. ಮಾರ್ಚ್ 14ರ ಶನಿವಾರ ರಾತ್ರಿ ಡಬ್ಲಿನ್ನಿನ ಟೆಂಪಲ್ ಬಾರ್ ಪ್ರದೇಶದ ಒಂದು ಪಬ್ಬಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತ ಗುಂಪು ಎತ್ತರದ ದನಿಯಲ್ಲಿ ಹಾಡುತ್ತಿದ್ದ ವಿಡಿಯೊ ಎಲ್ಲರ ಮೊಬೈಲ್‌ಗೆ ಬಂತು. ಇಟಲಿಯ ಆಸ್ಪತ್ರೆಗಳ ಚಿತ್ರಗಳನ್ನು ಜನ ಅದೇ ವಾರ ನೋಡಿದ್ದರು. ದಾದಿಯರು, ವೈದ್ಯರು, ಅವರ ಮನೆಯವರು ಬಹಿರಂಗವಾಗಿ ಸಿಟ್ಟಿಗೆದ್ದರು. ಆಗಿನ ಆರೋಗ್ಯ ಸಚಿವ ಸೈಮನ್ ಹ್ಯಾರಿಸ್ ಕೂಡ ಖಂಡಿಸಿದರು. ಪಬ್‌ಗಳನ್ನು ಮುಚ್ಚಿ ಎಂಬ ಕೂಗು ಬೆಳಗಾಗುವಷ್ಟರಲ್ಲಿ ದೇಶದ ತುಂಬ ಹರಡಿತು. ಟೆಂಪಲ್ ಬಾರ್‌ನ ಪಬ್‌ಗಳು ತಾವಾಗಿಯೇ ಮುಚ್ಚುವುದಾಗಿ ಹೇಳಿದವು.

ಡಬ್ಲಿನ್ನಿನ ಪಬ್ ಮಾಲೀಕರ ಸಂಘ ಮತ್ತು ಉಳಿದ ಕೌಂಟಿಗಳ ಮಾಲೀಕರ ಒಕ್ಕೂಟ, ಎರಡೂ ಆ ಭಾನುವಾರ ಸರ್ಕಾರದ ಮಾತಿಗೆ ಒಪ್ಪಿದವು. ದೂರ ದೂರ ಕುಳಿತುಕೊಳ್ಳಿ ಎಂದು ಗಿರಾಕಿಗಳಿಗೆ ಹೇಳಿ ಪಾಲಿಸುವಂತೆ ಮಾಡುವುದು ಪಬ್ಬಿನಲ್ಲಿ ಆಗದ ಮಾತು ಎಂದು ಸರ್ಕಾರಕ್ಕೆ ತಿಳಿಸಿದವರು ಆ ಸಂಘಗಳವರೇ. ಸುಮಾರು 50,000 ಪಬ್ ಮತ್ತು ಬಾರ್ ನೌಕರರ ಕೆಲಸ ಒಂದೇ ದಿನದಲ್ಲಿ ಹೋಗುತ್ತದೆಂದು ಗೊತ್ತಿದ್ದೂ, ವರ್ಷದ ಅತಿ ದೊಡ್ಡ ವ್ಯಾಪಾರದ ವಾರದಲ್ಲಿ ಅವರು ಬಾಗಿಲು ಹಾಕಿದರು. ಮುಂದೆ ಇದೇ ಮಾಲೀಕರನ್ನು ಲಾಭಕೋರರೆಂದು ಜರೆದವರು ಆ ಭಾನುವಾರವನ್ನು ನೆನೆಯಬೇಕಿತ್ತು.

ಪಬ್ಬಿನಲ್ಲಿ ಸೋಂಕು ಹೆಚ್ಚು ಹರಡುತ್ತದೆ ಎಂಬುದಕ್ಕೆ ಆಧಾರವಿತ್ತೇ?

ಇತ್ತು. ಆಸ್ಟ್ರಿಯಾದ ಇಶ್ಗಲ್ ಎಂಬ ಸ್ಕೀ ಪಟ್ಟಣದ ಬಾರ್‌ಗಳಿಂದ 2020ರ ಮಾರ್ಚ್‌ನಲ್ಲಿ ಸೋಂಕು ಯುರೋಪಿನ ಹಲವು ದೇಶಗಳಿಗೆ ಹೋಯಿತು. ಮೇ ತಿಂಗಳಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದ ಇಟೆವಾನ್ ಪ್ರದೇಶದ ಕ್ಲಬ್‌ಗಳಿಂದ ದೊಡ್ಡ ಸೋಂಕಿನ ಸರಪಳಿಯೇ ಹೊರಟಿತು. ಕಾರಣಗಳೂ ಸರಳ: ತಗ್ಗಿನ ಸೂರು, ಮುಚ್ಚಿದ ಕಿಟಕಿ, ಗಂಟೆಗಟ್ಟಲೆ ಒಂದೇ ಗಾಳಿ. ಗದ್ದಲ ಹೆಚ್ಚಿದಂತೆ ದನಿ ಎತ್ತರಿಸುತ್ತೇವೆ, ದನಿ ಎತ್ತರಿಸಿದಷ್ಟೂ ಬಾಯಿಂದ ಸಣ್ಣ ಹನಿಗಳು ಹೆಚ್ಚು ಹೊರಬೀಳುತ್ತವೆ. ಎರಡು ಗ್ಲಾಸ್ ಒಳಗೆ ಹೋದ ಮೇಲೆ ಅಂತರದ ಎಚ್ಚರ ಯಾರಿಗೂ ಉಳಿಯುವುದಿಲ್ಲ.

ಆದರೆ ಇದೇ ಆಧಾರಗಳನ್ನು ಇಟ್ಟುಕೊಂಡು ನೋಡಿದರೆ, ತಟ್ಟೆಯಲ್ಲಿ ಊಟವಿದೆಯೋ ಇಲ್ಲವೋ ಎಂಬುದಕ್ಕಿಂತ ಕಿಟಕಿ ತೆರೆದಿದೆಯೋ ಇಲ್ಲವೋ ಎಂಬುದು ಮುಖ್ಯ. ಸೋಂಕು ಗಾಳಿಯಲ್ಲಿ ಹರಡುತ್ತದೆ, ಅದನ್ನು ಗಂಭೀರವಾಗಿ ಪರಿಗಣಿಸಿ ಎಂದು 239 ವಿಜ್ಞಾನಿಗಳು 2020ರ ಜುಲೈನಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ಬಹಿರಂಗ ಮನವಿ ಮಾಡಿದ್ದರು. ಆ ಬೇಸಗೆಯಲ್ಲಿ ಇಲ್ಲಿನ ಚರ್ಚೆಯೆಲ್ಲ ಒಂದು ಮೀಟರೋ ಎರಡು ಮೀಟರೋ ಎಂಬುದರ ಸುತ್ತ ನಡೆಯಿತು. ಗಾಳಿಯಾಟದ ಮಾತು ಬಹಳ ತಡವಾಗಿ ಬಂತು.

ಒಂಬತ್ತು ಯೂರೊ ಊಟ ಎಂದರೇನು? ಜನ ಅದಕ್ಕೇಕೆ ಅಷ್ಟು ಕೆರಳಿದರು?

2020ರ ಜೂನ್ 29ರಿಂದ ಪಬ್ ತೆರೆಯಬೇಕಾದರೆ ಗಿರಾಕಿಗೆ ಪಾನೀಯದ ಜೊತೆ ಸರಿಯಾದ ಊಟವನ್ನೂ ಬಡಿಸಬೇಕು, ಅದರ ಬೆಲೆ ಕನಿಷ್ಠ 9 ಯೂರೊ ಇರಬೇಕು ಎಂಬ ನಿಯಮ ಬಂತು. ಮೇಜುಗಳ ನಡುವೆ ಎರಡು ಮೀಟರ್ ಅಂತರವಿಡಲು ಆಗದೆ ಒಂದು ಮೀಟರ್ ಇಟ್ಟ ಕಡೆ, ಗಿರಾಕಿ 105 ನಿಮಿಷದಲ್ಲಿ ಎದ್ದು ಹೋಗಬೇಕು. ಈ 9 ಯೂರೊ ಲೆಕ್ಕವನ್ನು ಸಾಂಕ್ರಾಮಿಕ ತಜ್ಞರು ಹಾಕಿದ್ದಲ್ಲ. ಮದ್ಯ ಪರವಾನಗಿ ಕಾಯ್ದೆಯಲ್ಲಿ ಎಂದಿನಿಂದಲೋ ಇದ್ದ ಊಟದ ವ್ಯಾಖ್ಯೆಯನ್ನು ಎತ್ತಿ ತಂದು ಇಲ್ಲಿ ಕೂರಿಸಿದರು.

ಸಮರ್ಥಿಸಿದವರ ವಾದ ಹೀಗಿತ್ತು: ಊಟಕ್ಕೆ ಬಂದವನು ಮೇಜಿಗೆ ಕೂರುತ್ತಾನೆ, ಓಡಾಡುವುದಿಲ್ಲ, ಮುಗಿಸಿ ಹೋಗುತ್ತಾನೆ. ಬರೀ ಕುಡಿಯಲು ಬಂದವನು ಗಲ್ಲೆಗೆ ಒರಗಿ ನಿಂತು ರಾತ್ರಿಯೆಲ್ಲ ಎಲ್ಲರೊಂದಿಗೂ ಬೆರೆಯುತ್ತಾನೆ. ಈ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬೇಕಾದದ್ದು ಕುಳಿತುಕೊಳ್ಳುವುದು, ಬೆರೆಯದಿರುವುದು, ಬೇಗ ಹೊರಡುವುದು ಎಂದಾದರೆ ಆ ಮೂರನ್ನೇ ನಿಯಮ ಮಾಡಬಹುದಿತ್ತು. ಅಡುಗೆಮನೆಯನ್ನು ನಿಯಮ ಮಾಡಿದರು. ನಗರದ ಇನ್ನೂರು ಜನ ಹಿಡಿಸುವ, ದೊಡ್ಡ ಅಡುಗೆಮನೆಯಿರುವ ಪಬ್ ತೆರೆಯಿತು. ಸಂಜೆಗೆ ಏಳೆಂಟು ಜನ ಬರುವ, ಎರಡು ಕಡೆ ಬಾಗಿಲಿರುವ ಹಳ್ಳಿಯ ಪಬ್ ಮುಚ್ಚಿಯೇ ಇತ್ತು. ದೇಶದ ಸುಮಾರು 7,000 ಪಬ್‌ಗಳಲ್ಲಿ ಅರ್ಧದಷ್ಟು ಹೀಗೆ ಹೊರಗುಳಿದವು.

ಆ ಜುಲೈನಲ್ಲಿ ನಾನು ಕುಳಿತಿದ್ದ ಮೇಜೊಂದರ ನೆನಪಿದೆ. ಪಕ್ಕದಲ್ಲಿ ಹಿರಿಯರಿಬ್ಬರು. ಮುಂದೆ ಎರಡು ತಟ್ಟೆ ಕೋಳಿಮಾಂಸ, ಆಲೂಗಡ್ಡೆ ಹುರಿದದ್ದು, ಅವರು ಮುಟ್ಟಿರಲಿಲ್ಲ. ಮನೆಯಲ್ಲಿ ಊಟ ಮುಗಿಸಿಯೇ ಬಂದಿದ್ದರು. ಒಂದೊಂದು ಗ್ಲಾಸ್ ಗಿನ್ನೆಸ್ ಮತ್ತು ಅರ್ಧ ಗಂಟೆ ಮಾತು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಪರಿಚಾರಿಕೆ ಬಂದು ಕಟ್ಟಿಕೊಡಲೇ ಎಂದು ಕೇಳಿದಳು. ಒಬ್ಬರು ನಾಯಿಗೆ ಆಗುತ್ತದೆ ಎಂದರು. ಪಿಂಚಣಿಯ ಹಣದಲ್ಲಿ ಬದುಕುವವರು ಒಬ್ಬರನ್ನೊಬ್ಬರು ನೋಡಲು ಒಂಬತ್ತು ಯೂರೊ ಕಟ್ಟಬೇಕಾಯಿತಲ್ಲ ಎಂಬ ಸಂಕಟ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಸೆಪ್ಟೆಂಬರ್‌ನಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಪ್ರತಿ ಗಿರಾಕಿ ಯಾವ ಊಟ ತರಿಸಿದನೆಂಬ ದಾಖಲೆಯನ್ನು 28 ದಿನ ಇಟ್ಟುಕೊಳ್ಳಬೇಕೆಂದು ಆದೇಶ ಬಂತು. ಅಲ್ಲಿಯವರೆಗೆ ಸಹಿಸಿದ್ದವರೂ ಆಗ ತಾಳ್ಮೆ ಕಳೆದುಕೊಂಡರು.

ವಿರೋಧಿಸಿದವರೆಲ್ಲ ಕೋವಿಡ್ ಸುಳ್ಳೆಂದು ಹೇಳುವವರೇ?

ಖಂಡಿತ ಅಲ್ಲ. ಅಂಥವರೂ ಇದ್ದರು, ಆದರೆ ದನಿ ಎತ್ತಿದ ಬಹುಪಾಲು ಜನ ಮಾಸ್ಕ್ ಧರಿಸುತ್ತಿದ್ದವರು, ಲಸಿಕೆಗಾಗಿ ಕಾದು ನಿಂತವರು. ಸಂಸತ್ತಿನಲ್ಲಿ ಕೆರ್ರಿ ಕ್ಷೇತ್ರದ ಹೀಲಿ-ರೇ ಸಹೋದರರಂಥ ಗ್ರಾಮೀಣ ಸದಸ್ಯರು ಹಳ್ಳಿಯ ಪಬ್‌ಗಳ ಪರವಾಗಿ ಮತ್ತೆ ಮತ್ತೆ ಮಾತನಾಡಿದರು. ಇನ್ನೊಂದು ಕಡೆ ತುರ್ತು ಆರೋಗ್ಯ ತಜ್ಞರ ತಂಡವಿತ್ತು, ಅದರ ಮುಖ್ಯಸ್ಥರು ಮುಖ್ಯ ವೈದ್ಯಾಧಿಕಾರಿ ಟೋನಿ ಹೊಲೊಹಾನ್. ಶಾಲೆಗಳು ತೆರೆಯುವುದು ಮೊದಲು, ಪಬ್ ಆಮೇಲೆ ಎಂಬುದು ಅವರ ಲೆಕ್ಕ. ಮಕ್ಕಳಿರುವ ಮನೆಯವರಿಗೆ ಅದು ನೂರಕ್ಕೆ ನೂರು ಸರಿಯೆನಿಸಿತು, ನನಗೂ ಹಾಗೆಯೇ. ಸೋಂಕು ಹರಡಲು ಇರುವ ಅವಕಾಶವೇ ಇಷ್ಟು ಎಂದಾದಾಗ ಅದನ್ನು ಮೊದಲು ಮಕ್ಕಳಿಗೆ ಕೊಡಬೇಕು.

ಜಗಳ ಕಹಿಯಾಗಲು ಇನ್ನೊಂದು ಕಾರಣ ಸರ್ಕಾರ ಮತ್ತು ತಜ್ಞರ ನಡುವಿನ ಒಡಕು. 2020ರ ಅಕ್ಟೋಬರ್ ಆರಂಭದಲ್ಲಿ ತಂಡ ಅತಿ ಕಠಿಣ ಹಂತದ ನಿರ್ಬಂಧಕ್ಕೆ ಸಲಹೆ ಕೊಟ್ಟಾಗ ಸರ್ಕಾರ ತಳ್ಳಿಹಾಕಿತು. ಉಪಪ್ರಧಾನಿ ಲಿಯೊ ವರಾಡ್ಕರ್ ಟಿವಿ ಕಾರ್ಯಕ್ರಮದಲ್ಲಿ ತಂಡವನ್ನು ಟೀಕಿಸಿದರು. ಎರಡು ವಾರ ಕಳೆಯುವಷ್ಟರಲ್ಲಿ ಅದೇ ಸರ್ಕಾರ ಅದೇ ನಿರ್ಬಂಧ ಹೇರಿತು.

ಪಬ್ ಮುಚ್ಚಿ ಮದ್ಯದಂಗಡಿ ತೆರೆದಿಟ್ಟರಂತೆ, ಹೌದೇ?

ಹೌದು. ಮದ್ಯದಂಗಡಿಗಳನ್ನು ಅಗತ್ಯ ವಸ್ತುಗಳ ಅಂಗಡಿಗಳ ಸಾಲಿಗೆ ಸೇರಿಸಿದ್ದರು, ಸೂಪರ್‌ಮಾರ್ಕೆಟ್‌ಗಳಲ್ಲಂತೂ ಮಾರಾಟ ನಿಲ್ಲಲೇ ಇಲ್ಲ. ಬಿಯರ್ ಇಳಿಯಿತು, ವೈನ್ ಏರಿತು. ಪಬ್ಬಿನಲ್ಲಿ ಸಾಕೆಂದು ಹೇಳಲು ಗಲ್ಲೆಯ ಹಿಂದೆ ಒಬ್ಬನಿರುತ್ತಾನೆ, ಮನೆಯಲ್ಲಿ ಸುರಿದುಕೊಳ್ಳುವ ಕೈಗೆ ಅಳತೆಯಿರುವುದಿಲ್ಲ. ಮಕ್ಕಳ ಕಣ್ಣೆದುರಿಗೇ ಕುಡಿತ ನಡೆಯುತ್ತಿದೆ ಎಂದು ಮದ್ಯದ ಹಾನಿಯ ವಿರುದ್ಧ ಕೆಲಸ ಮಾಡುವ ಸಂಸ್ಥೆಗಳು ಎಚ್ಚರಿಸಿದವು. ಪೊಲೀಸರು ಕೊಟ್ಟಿಗೆ, ಶೆಡ್ಡುಗಳಲ್ಲಿ ನಡೆಯುತ್ತಿದ್ದ ಕಳ್ಳ ಪಬ್‌ಗಳ ಮೇಲೆ ದಾಳಿ ಮಾಡಿದ ಸುದ್ದಿಗಳೂ ಬಂದವು. ಗಾಳಿಯಾಡದ ಶೆಡ್ಡು ಯಾವ ಪಬ್‌ಗಿಂತಲೂ ಅಪಾಯದ ಜಾಗ.

ಕರ್ನಾಟಕದಲ್ಲಿ ಆದದ್ದು ತದ್ವಿರುದ್ಧ. 2020ರ ಮಾರ್ಚ್ ಕೊನೆಯಿಂದ ಮದ್ಯ ಮಾರಾಟವೇ ಪೂರ್ತಿ ನಿಂತಿತು. ಮೇ 4ರಂದು ಅಂಗಡಿಗಳು ತೆರೆದಾಗ ಬೆಂಗಳೂರಿನಲ್ಲಿ ಬೆಳಗಿನಿಂದಲೇ ಮೈಲುದ್ದದ ಸಾಲು ಕಂಡೆವು. ಬಾರ್ ಮತ್ತು ಪಬ್‌ಗಳಲ್ಲಿ ಕುಳಿತು ಕುಡಿಯಲು ಬಿಟ್ಟದ್ದು ಸೆಪ್ಟೆಂಬರ್ 1ರಿಂದ, ಅರ್ಧದಷ್ಟು ಆಸನಗಳಿಗೆ ಮಾತ್ರ. ಚಟಕ್ಕೆ ಬಿದ್ದವರಿಗೆ ಮದ್ಯ ಹಠಾತ್ತನೆ ನಿಂತರೆ ಸನ್ನಿ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಆದ್ದರಿಂದ ಅಂಗಡಿ ತೆರೆದಿಟ್ಟ ಐರ್ಲೆಂಡಿನ ತೀರ್ಮಾನವನ್ನು ನಾನು ಆಕ್ಷೇಪಿಸುವುದಿಲ್ಲ.

ಬೀಗದಿಂದ ಹೆಚ್ಚು ನೋವುಂಡವರು ಯಾರು?

ಒಂಟಿಯಾಗಿ ಬದುಕುವ ಹಿರಿಯ ಗಂಡಸರು. ಪಶ್ಚಿಮದ ಕೌಂಟಿಗಳಲ್ಲಿ ಮದುವೆಯಾಗದೆ ತಂದೆಯ ಹೊಲದಲ್ಲೇ ಉಳಿದ ರೈತರು ಬಹಳ. ಮನೆಯಿಂದ ಮನೆಗೆ ಕಿಲೋಮೀಟರ್ ದೂರ. ಚರ್ಚಿನ ಭಾನುವಾರದ ಪ್ರಾರ್ಥನೆ ನಿಂತಿತ್ತು, ದನದ ಸಂತೆ ಮೊಬೈಲ್‌ಗೆ ಹೋಗಿತ್ತು, ಶವಸಂಸ್ಕಾರಕ್ಕೆ ಹತ್ತು ಜನರ ಮಿತಿ ಹಾಕಿದ್ದರು. ಊರವರೆಲ್ಲ ರಸ್ತೆಯ ಎರಡೂ ಬದಿ ಅಂತರ ಬಿಟ್ಟು ನಿಂತು, ಶವದ ವಾಹನ ಹಾದುಹೋಗುವಾಗ ತಲೆ ಬಾಗಿಸುತ್ತಿದ್ದರು. ಆಮೇಲೆ ಎಲ್ಲರೂ ತಂತಮ್ಮ ಮನೆಗೆ. ಅಂಥ ದಿನಗಳಲ್ಲಿ ಪಬ್ ಇಲ್ಲದಿರುವುದೆಂದರೆ ವಾರಗಟ್ಟಲೆ ಇನ್ನೊಬ್ಬರ ದನಿ ಕೇಳದಿರುವುದು.

ಕುಡಿತ ಬಿಡಲು ಹೆಣಗುತ್ತಿದ್ದವರಿಗೆ ಮುಚ್ಚಿದ ಬಾಗಿಲು ಉಪಕಾರವಾಯಿತು ಎಂದು ಹೇಳಿದವರನ್ನೂ ಬಲ್ಲೆ. ಆದರೆ ಅವರಿಗೆ ಬೇಕಾದ ಸಹಾಯಸಭೆಗಳೂ ನಿಂತು ಆನ್‌ಲೈನ್‌ಗೆ ಹೋಗಿದ್ದವು.

ಗಾಲ್ಫ್ ಔತಣದ ಗಲಾಟೆಗೂ ಪಬ್‌ಗಳಿಗೂ ಏನು ಸಂಬಂಧ?

ನೇರ ಸಂಬಂಧವಿಲ್ಲ, ಆದರೆ ಜನರ ಸಿಟ್ಟು ಹೊತ್ತಿಕೊಂಡದ್ದು ಅಲ್ಲಿಂದ. 2020ರ ಆಗಸ್ಟ್ 19ರಂದು ಗಾಲ್ವೇ ಕೌಂಟಿಯ ಕ್ಲಿಫ್ಡನ್‌ನ ಹೋಟೆಲೊಂದರಲ್ಲಿ ಸಂಸತ್ತಿನ ಗಾಲ್ಫ್ ಕೂಟದ ಔತಣ ನಡೆಯಿತು, ಸುಮಾರು 80 ಜನ ಸೇರಿದ್ದರು. ಹಿಂದಿನ ದಿನವಷ್ಟೇ ಸರ್ಕಾರ ಸೇರುವಿಕೆಯ ನಿಯಮ ಬಿಗಿಗೊಳಿಸಿತ್ತು. ಕೃಷಿ ಸಚಿವ ಡಾರಾ ಕ್ಯಾಲರಿ ರಾಜೀನಾಮೆ ಕೊಟ್ಟರು, ಯುರೋಪಿಯನ್ ಒಕ್ಕೂಟದ ವ್ಯಾಪಾರ ಆಯುಕ್ತ ಫಿಲ್ ಹೋಗನ್ ಹುದ್ದೆ ಬಿಟ್ಟರು. ಆಯೋಜಕರ ಮೇಲಿನ ಆರೋಪಗಳನ್ನು ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ವಜಾ ಮಾಡಿತು. ಕಾನೂನಿನ ಪ್ರಕಾರ ಅಪರಾಧವಾಗಿರಲಿಲ್ಲ. ಆದರೆ ಐದು ತಿಂಗಳಿಂದ ಬಾಗಿಲು ತೆರೆಯದ ಪಬ್ಬಿನವನಿಗೆ, ಅಪ್ಪನ ಅಂತ್ಯಕ್ರಿಯೆಗೆ ಸಂಬಂಧಿಕರನ್ನು ಕರೆಯಲಾಗದ ಮಗಳಿಗೆ ಕಾನೂನಿನ ಸೂಕ್ಷ್ಮ ಬೇಕಿರಲಿಲ್ಲ.

2020ರ ಡಿಸೆಂಬರ್‌ನಲ್ಲಿ ತೆರೆದದ್ದು ತಪ್ಪಾಯಿತೇ?

ತಪ್ಪೇ ಆಯಿತು, ಮತ್ತು ಪಬ್ ಪರವಾಗಿದ್ದವರು ಇದನ್ನು ಒಪ್ಪಬೇಕು. ಊಟದ ಮನೆಗಳನ್ನು ತೆರೆಯುವುದು, ಕ್ರಿಸ್‌ಮಸ್‌ಗೆ ಮನೆ ಮನೆ ಸೇರುವುದು, ಎರಡನ್ನೂ ಒಟ್ಟಿಗೆ ಬಿಡಬೇಡಿ ಎಂದು ತಜ್ಞರ ತಂಡ ಸಲಹೆ ಕೊಟ್ಟಿತ್ತು. ಸರ್ಕಾರ ಎರಡನ್ನೂ ಬಿಟ್ಟಿತು. ಜನವರಿ 8ರಂದು ಒಂದೇ ದಿನ 8,000ಕ್ಕೂ ಹೆಚ್ಚು ಹೊಸ ಪ್ರಕರಣಗಳು ಪ್ರಕಟವಾದವು. ತಿಂಗಳ ಮಧ್ಯಕ್ಕೆ ಆಸ್ಪತ್ರೆಗಳಲ್ಲಿ 2,000 ಕೋವಿಡ್ ರೋಗಿಗಳಿದ್ದರು. ಜನಸಂಖ್ಯೆಗೆ ಹೋಲಿಸಿದರೆ ಜಗತ್ತಿನಲ್ಲೇ ಅತಿ ಹೆಚ್ಚು ಸೋಂಕು ಇದ್ದ ದೇಶ ಕೆಲವು ದಿನ ಇದೇ ಆಗಿತ್ತು. ಬ್ರಿಟನ್ನಿನಿಂದ ಬಂದ ಹೊಸ ತಳಿಯ ಪಾಲೂ ಇತ್ತು. ಇಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ಕನ್ನಡಿಗ, ಮಲಯಾಳಿ ದಾದಿಯರು ಆ ಜನವರಿಯ ಬಗ್ಗೆ ಹೆಚ್ಚು ಮಾತನಾಡುವುದಿಲ್ಲ.

ಆ ಡಿಸೆಂಬರ್‌ನಲ್ಲಿಯೂ ಊಟವಿಲ್ಲದ ಪಬ್‌ಗಳು ಮುಚ್ಚಿಯೇ ಇದ್ದವು. ಆದರೂ ಜನರ ಬಾಯಲ್ಲಿ ಅಲೆಗೆ ಕಾರಣ ಪಬ್‌ಗಳು ಎಂಬ ಮಾತೇ ಉಳಿಯಿತು. ಇದು ನನ್ನನ್ನು ಬಹಳ ಕಾಡುವ ಸಂಗತಿ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಹೇಗಿತ್ತು?

ಇಂಗ್ಲೆಂಡಿನಲ್ಲಿ 2020ರ ಮಾರ್ಚ್ 16ರಂದು ಪ್ರಧಾನಿ ಬೋರಿಸ್ ಜಾನ್ಸನ್ ಪಬ್‌ಗೆ ಹೋಗಬೇಡಿ ಎಂದರು, ಪಬ್ ಮುಚ್ಚಲಿಲ್ಲ. ಮಾಲೀಕರಿಗೆ ಇದು ಅತ್ತ ದರಿ ಇತ್ತ ಪುಲಿ. ಮುಚ್ಚಿಸಿದ್ದು 20ರಂದು. ಜುಲೈ 4ರಂದು ತೆರೆದರು. ಸೆಪ್ಟೆಂಬರ್‌ನಲ್ಲಿ ರಾತ್ರಿ 10ಕ್ಕೆ ಮುಚ್ಚುವ ನಿಯಮ ತಂದಾಗ ಎಲ್ಲ ಪಬ್‌ಗಳ ಜನರೂ ಒಂದೇ ಹೊತ್ತಿಗೆ ಬೀದಿಗೆ, ಬಸ್ಸಿಗೆ, ರೈಲಿಗೆ ಮುಗಿಬಿದ್ದರು. ವೇಲ್ಸ್ ಡಿಸೆಂಬರ್ 4ರಿಂದ ಪಬ್‌ಗಳಲ್ಲಿ ಮದ್ಯವನ್ನೇ ನಿಷೇಧಿಸಿ ಸಂಜೆ 6ಕ್ಕೆ ಬಾಗಿಲು ಹಾಕಿಸಿತು. ಸ್ಕಾಟ್ಲೆಂಡ್ ಅಕ್ಟೋಬರ್‌ನಲ್ಲಿ ಗ್ಲಾಸ್ಗೋ, ಎಡಿನ್‌ಬರೊ ಇರುವ ಮಧ್ಯಭಾಗದಲ್ಲಿ ಪಬ್‌ಗಳನ್ನು ಮುಚ್ಚಿಸಿತು. ಐರ್ಲೆಂಡ್ ದ್ವೀಪದಲ್ಲೇ ಗಡಿಯ ಆಚೆ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ, ಒಂದು ನಿಯಮ, ಈಚೆ ಇನ್ನೊಂದು. ಗಡಿ ಕೌಂಟಿಗಳ ಜನ ಕಾರು ಹತ್ತಿ ಆಚೆ ಹೋಗುತ್ತಿದ್ದರು.

ಲಸಿಕೆ ಹಾಕಿಸಿಕೊಂಡವರಿಗೆ ಮಾತ್ರ ಪ್ರವೇಶ ಎಂದಾಗ ಒಪ್ಪಿದರೇ?

ಹೆಚ್ಚಿನವರು ಒಪ್ಪಿದರು, ಆದರೆ ಗಂಭೀರ ಆಕ್ಷೇಪವಿತ್ತು. 2021ರ ಜುಲೈ 26ರಿಂದ ಲಸಿಕೆ ಪಡೆದವರು ಅಥವಾ ಸೋಂಕಿನಿಂದ ಗುಣವಾದವರು ಮಾತ್ರ ಒಳಗೆ ಕೂರಬಹುದು ಎಂದು ಕಾನೂನು ಬಂತು. ಲಸಿಕೆ ವಯಸ್ಸಿನ ಕ್ರಮದಲ್ಲಿ ಸಾಗುತ್ತಿದ್ದುದರಿಂದ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಲ್ಲಿ ಅನೇಕರಿಗೆ ಇನ್ನೂ ಸರದಿ ಬಂದಿರಲಿಲ್ಲ. ಅವರು ಅದೇ ಪಬ್ಬಿನೊಳಗೆ ತಟ್ಟೆ ಹೊತ್ತು ಬಡಿಸಬಹುದಿತ್ತು, ಕೆಲಸ ಮುಗಿದ ಮೇಲೆ ಅದೇ ಮೇಜಿಗೆ ಗಿರಾಕಿಯಾಗಿ ಕೂರುವಂತಿರಲಿಲ್ಲ. ದುಡಿಯಲು ಸುರಕ್ಷಿತವಾದ ಕೋಣೆ ಕೂರಲು ಅಪಾಯ ಹೇಗಾಯಿತು ಎಂಬ ಅವರ ಪ್ರಶ್ನೆಗೆ ತೃಪ್ತಿಕರ ಉತ್ತರ ನಾನಂತೂ ಕೇಳಲಿಲ್ಲ.

ಮಾಲೀಕರಿಗೆ, ನೌಕರರಿಗೆ ಪರಿಹಾರ ಸಿಕ್ಕಿತೇ?

ಕೆಲಸ ಕಳೆದುಕೊಂಡವರಿಗೆ ಸರ್ಕಾರ ವಾರಕ್ಕೆ 350 ಯೂರೊವರೆಗೆ ಕೊಟ್ಟಿತು. ಇದನ್ನು ಮನಸಾರೆ ಮೆಚ್ಚಬೇಕು. ಅಕ್ಟೋಬರ್‌ನಿಂದ ಮುಚ್ಚಿದ ವ್ಯಾಪಾರಗಳಿಗೆ ಹಿಂದಿನ ವಹಿವಾಟಿನ ಆಧಾರದ ಮೇಲೆ ವಾರಕ್ಕೆ ಗರಿಷ್ಠ 5,000 ಯೂರೊ ನೆರವು ಬಂತು. ವಿಮೆಯದ್ದು ಬೇರೆ ಕಥೆ. ವ್ಯಾಪಾರ ನಿಂತರೆ ಪರಿಹಾರ ಕೊಡುವ ಪಾಲಿಸಿ ಇದ್ದರೂ ವಿಮಾ ಕಂಪನಿ ಎಫ್‌ಬಿಡಿ ಒಪ್ಪದಿದ್ದಾಗ ನಾಲ್ಕು ಪಬ್‌ಗಳು ಪರೀಕ್ಷಾರ್ಥ ಮೊಕದ್ದಮೆ ಹೂಡಿದವು. ಆತ್‌ಲೋನ್ ಪಟ್ಟಣದ, ದೇಶದಲ್ಲೇ ಹಳೆಯದೆಂದು ಹೆಸರಾದ ಶಾನ್ಸ್ ಬಾರ್ ಅವುಗಳಲ್ಲೊಂದು. 2021ರ ಫೆಬ್ರವರಿ 5ರಂದು ಹೈಕೋರ್ಟಿನ ನ್ಯಾಯಮೂರ್ತಿ ಡೆನಿಸ್ ಮೆಕ್‌ಡೊನಾಲ್ಡ್ ಪಬ್‌ಗಳ ಪರವಾಗಿ ತೀರ್ಪು ಕೊಟ್ಟರು. ಅದೇ ರೀತಿಯ ಪಾಲಿಸಿ ಇದ್ದ ನೂರಾರು ಮಾಲೀಕರಿಗೆ ದಾರಿಯಾಯಿತು.

ಇಂಥ ಜಗಳ ಇಲ್ಲಿ ಮೊದಲೂ ಆಗಿತ್ತೇ?

ಆಗಿತ್ತು. 1927ರ ಕಾನೂನಿನಿಂದ ಶುಭ ಶುಕ್ರವಾರದಂದು ಪಬ್‌ಗಳು ಮುಚ್ಚಿರುತ್ತಿದ್ದವು. ಅದನ್ನು ರದ್ದು ಮಾಡಿದ್ದು 2018ರಲ್ಲಿ, ಅದೂ ವರ್ಷಗಟ್ಟಲೆ ಚರ್ಚೆಯ ಬಳಿಕ. 2004ರ ಮಾರ್ಚ್ 29ರಂದು ಪಬ್ ಸೇರಿದಂತೆ ಎಲ್ಲ ಕೆಲಸದ ಜಾಗಗಳಲ್ಲಿ ಧೂಮಪಾನ ನಿಷೇಧಿಸಿದ ಜಗತ್ತಿನ ಮೊದಲ ದೇಶವಾಯಿತು ಐರ್ಲೆಂಡ್. ಪಬ್ ಸಂಸ್ಕೃತಿ ಸತ್ತೇಹೋಗುತ್ತದೆ ಎಂದು ಆಗ ಕೂಗಾಡಿದವರಲ್ಲಿ ಬಹಳ ಜನ ಈಗ ಹೊಗೆಯಿಲ್ಲದ ಪಬ್ ಬಿಟ್ಟು ಬೇರೆ ಬೇಡವೆನ್ನುತ್ತಾರೆ. ಆ ನಿಯಮ ಎಲ್ಲ ಪಬ್‌ಗೂ ಒಂದೇ ಆಗಿತ್ತು, ಕಾರಣವೂ ನೌಕರನ ಶ್ವಾಸಕೋಶ ಎಂದು ಸ್ಪಷ್ಟವಾಗಿತ್ತು. 2020ರ ನಿಯಮಕ್ಕೆ ಇವೆರಡೂ ಇರಲಿಲ್ಲ.

ಈಗ ಪಬ್‌ಗಳ ಸ್ಥಿತಿ ಹೇಗಿದೆ?

ಕೋವಿಡ್‌ಗೆ ಮುಂಚಿನಿಂದಲೇ ಸಂಖ್ಯೆ ಇಳಿಯುತ್ತಿತ್ತು. 2005ರಿಂದ 2021ರ ನಡುವೆ ಐದರಲ್ಲಿ ಒಂದಕ್ಕಿಂತ ಹೆಚ್ಚು ಪಬ್‌ಗಳು ಕಣ್ಮರೆಯಾದವು. ಕುಡಿದು ವಾಹನ ಓಡಿಸುವುದರ ವಿರುದ್ಧ ಬಿಗಿ ಕಾನೂನು, ಅಗ್ಗದ ಸೂಪರ್‌ಮಾರ್ಕೆಟ್ ಮದ್ಯ, ಮೊದಲಿನಷ್ಟು ಕುಡಿಯದ ಹೊಸ ಪೀಳಿಗೆ, ಅಪ್ಪನ ಪಬ್ ನಡೆಸಲು ಇಚ್ಛಿಸದ ಮಕ್ಕಳು, ಇವೆಲ್ಲ ಕಾರಣ. ಎಪ್ಪತ್ತು ದಾಟಿದ ಎಷ್ಟೋ ಮಾಲೀಕರಿಗೆ ಕೋವಿಡ್ ಬೀಗ ಒಂದು ನೆಪವಾಯಿತು. ಹಾಕಿದ ಬಾಗಿಲನ್ನು ಅವರು ಮತ್ತೆ ತೆರೆಯಲಿಲ್ಲ.

ಈ ತೀರ್ಮಾನಗಳನ್ನು ಯಾರಾದರೂ ಪರಿಶೀಲಿಸುತ್ತಿದ್ದಾರೆಯೇ?

2024ರಲ್ಲಿ ಸರ್ಕಾರ ಪ್ರೊಫೆಸರ್ ಆನ್ ಸ್ಕಾಟ್ ಅಧ್ಯಕ್ಷತೆಯಲ್ಲಿ ಕೋವಿಡ್ ನಿರ್ವಹಣೆಯ ಪರಾಮರ್ಶೆಗೆ ಸಮಿತಿ ನೇಮಿಸಿತು. ಯಾರ ಮೇಲೂ ತಪ್ಪು ಹೊರಿಸುವುದು ಅದರ ಉದ್ದೇಶವಲ್ಲ, ಮುಂದಿನ ಸಾಂಕ್ರಾಮಿಕಕ್ಕೆ ಕಲಿಯುವುದು ಉದ್ದೇಶ. ಆಸ್ಪತ್ರೆಗಳು, ವೃದ್ಧಾಶ್ರಮಗಳ ಸಾವುಗಳು ಅಲ್ಲಿ ಮೊದಲ ಸ್ಥಾನದಲ್ಲಿರಬೇಕು, ಅದರಲ್ಲಿ ಎರಡು ಮಾತಿಲ್ಲ. ಪಬ್‌ಗಳ ವಿಷಯದಲ್ಲಿ ಎರಡು ಪ್ರಶ್ನೆಗೆ ಲಿಖಿತ ಉತ್ತರ ಬೇಕು. ಒಂದು, ಊಟವಿದ್ದ ಪಬ್ ಮತ್ತು ಊಟವಿಲ್ಲದ ಪಬ್ ಎಂದು 2020ರ ಜೂನ್‌ನಲ್ಲಿ ಗೆರೆ ಎಳೆದಾಗ ಮೇಜಿನ ಮೇಲೆ ಯಾವ ಆಧಾರ ಇತ್ತು? ಎರಡು, ಗಾಳಿಯಾಟವನ್ನು ಅಳೆದು, ಜನರ ಸಂಖ್ಯೆಗೆ ಮಿತಿ ಹಾಕಿ ಸಣ್ಣ ಪಬ್‌ಗಳನ್ನು ತೆರೆಯುವ ದಾರಿಯನ್ನು ಯಾರಾದರೂ ಆಗ ಪರಿಗಣಿಸಿದ್ದರೇ, ಪರಿಗಣಿಸಿ ಕೈಬಿಟ್ಟಿದ್ದರೆ ಏಕೆ?